ಮೆಟ್ರೊದ ಹೊಗೆ ಎಲ್ಲಿದೆ?

ಬೆಂಗಳೂರಿನ ಮೆಟ್ರೊ ಹೊಗೆ ಉಗುಳುವುದಿಲ್ಲ, ಆದ್ದರಿಂದ ಅದು ಪರಿಸರಸ್ನೇಹಿ: 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಓಡಿದಂದಿನಿಂದ ಈ ಮಾತನ್ನು ಕೇಳುತ್ತಿದ್ದೇವೆ. ಅದರಲ್ಲಿ ಸುಳ್ಳಿಲ್ಲ, ಆದರೆ ಹೇಳದೆ ಬಿಟ್ಟದ್ದು ಬಹಳವಿದೆ. ರೈಲಿನ ಪಕ್ಕದಲ್ಲಿ ನಿಂತು ಗಾಳಿ ಶುದ್ಧವಾಗಿದೆ ಎಂದರೆ ಸಾಲದು. ಅದನ್ನು ಓಡಿಸುವ ವಿದ್ಯುತ್ ಎಲ್ಲಿಂದ ಬಂತು, ಅದರೊಳಗೆ ಎಷ್ಟು ಜನರಿದ್ದಾರೆ, ಅವರು ಯಾವ ವಾಹನವನ್ನು ಬಿಟ್ಟು ಬಂದರು, ಹಳಿ ಹಾಸಲು ನಾವು ತೆತ್ತದ್ದೇನು ಎಂದೂ ಕೇಳಬೇಕು.

ಮೊದಲು ವಿದ್ಯುತ್ತಿನ ಮಾತು. ನಮ್ಮ ಮೆಟ್ರೊಗೆ ಬರುವುದು ರಾಜ್ಯದ ಜಾಲದ ವಿದ್ಯುತ್. ಆ ಜಾಲಕ್ಕೆ ಕೃಷ್ಣೆಯ ದಡದ ಶಕ್ತಿನಗರದಲ್ಲಿರುವ 1,720 ಮೆಗಾವಾಟಿನ ರಾಯಚೂರು ಶಾಖೋತ್ಪನ್ನ ಕೇಂದ್ರವೂ ಸೇರಿದೆ. ಬೆಂಗಳೂರಿನ ಬೀದಿಯಲ್ಲಿ ಕಾಣದ ಹೊಗೆಯ ಒಂದು ಪಾಲು ಅಲ್ಲಿಯ ಚಿಮಣಿಯಲ್ಲಿ ಏಳುತ್ತದೆ. ಹಾರುಬೂದಿ ಅಲ್ಲಿಯ ಹೊಲದ ಮೇಲೆ, ಮನೆಯ ಮೇಲೆ ಬೀಳುತ್ತದೆ. ಜಲವಿದ್ಯುತ್ತಿಗೆ ಬೂದಿ ಇಲ್ಲ ನಿಜ. ಆದರೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಊರು ಕಳೆದುಕೊಂಡ ಕುಟುಂಬಗಳು ಆರು ದಶಕ ಕಳೆದರೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ಪಾವಗಡದ ಸೌರ ಪಾರ್ಕಿನ 2,050 ಮೆಗಾವಾಟ್ ಸಾಮರ್ಥ್ಯ ಹೆಮ್ಮೆ ಪಡುವಂಥದ್ದು. ಆದರೆ ಅದು ನಡುಮಧ್ಯಾಹ್ನಕ್ಕೆ ತುಂಬಿ ಹರಿಯುತ್ತದೆ, ಸಂಜೆ ಏಳಕ್ಕೆ ಮೆಜೆಸ್ಟಿಕ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲದಿರುವಾಗ ಸೂರ್ಯ ಮುಳುಗಿರುತ್ತಾನೆ. ನಗರದ ಶುದ್ಧ ಗಾಳಿಗೆ ಇನ್ನೊಂದು ಊರು ಬೆಲೆ ತೆರುತ್ತಿದೆಯೆಂದರೆ, ಮಾಲಿನ್ಯದ ವಿಳಾಸ ಬದಲಾಗಿದೆ ಎಂದಷ್ಟೇ ಹೇಳಬಹುದು.

ಹಾಗಾದರೆ ಸ್ಕೂಟರೇ ವಾಸಿ ಎನ್ನಬೇಕೆ? ಖಂಡಿತ ಅಲ್ಲ. ಒಂದು ಸರಳ ಲೆಕ್ಕ ಹಾಕೋಣ. ಭಾರತದ ಜಾಲದಲ್ಲಿ ಒಂದು ಯುನಿಟ್ ವಿದ್ಯುತ್ ತಯಾರಾಗುವಾಗ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆರು ಬೋಗಿಯ ರೈಲಿಗೆ ಕಿಲೋಮೀಟರಿಗೆ 15 ಯುನಿಟ್ ಬೇಕೆಂದು ಇಟ್ಟುಕೊಂಡರೆ ಹತ್ತೂವರೆ ಕಿಲೋ ಆಯಿತು. ಒಳಗೆ ಸಾವಿರ ಜನರಿದ್ದರೆ ತಲೆಗೆ ಹತ್ತು ಗ್ರಾಂ ಚಿಲ್ಲರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ಕಿಲೋಮೀಟರಿಗೆ ಸುಮಾರು 50 ಗ್ರಾಂ ಬಿಡುತ್ತದೆ, 15 ಕೊಡುವ ಕಾರು 150 ಗ್ರಾಂ. ತುಂಬಿದ ಮೆಟ್ರೊ ಇವೆರಡನ್ನೂ ಬಹು ದೂರ ಹಿಂದೆ ಹಾಕುತ್ತದೆ. ಅದೇ ರೈಲಿನಲ್ಲಿ ಇನ್ನೂರೇ ಜನರಿದ್ದರೆ ಅವರೆಲ್ಲ ಒಬ್ಬೊಬ್ಬರೇ ಸ್ಕೂಟರಿನಲ್ಲಿ ಹೋದದ್ದಕ್ಕೆ ಸಮ. ಎಪ್ಪತ್ತು ಜನರಿದ್ದರೆ ಒಬ್ಬೊಬ್ಬರೂ ಒಂದೊಂದು ಕಾರು ಹತ್ತಿದಂತೆ. ರೈಲು ಬದಲಾಗಲಿಲ್ಲ, ಹಳಿಯಾಗಲಿ ವಿದ್ಯುತ್ತಾಗಲಿ ಬದಲಾಗಲಿಲ್ಲ. ಬದಲಾದದ್ದು ಜನರ ಸಂಖ್ಯೆ.

ನನ್ನ ವಾದದ ತಿರುಳು ಇದೇ. ಪರಿಸರಸ್ನೇಹ ರೈಲಿನ ಮೈಗೆ ಅಂಟಿ ಬಂದ ಗುಣವಲ್ಲ, ನಗರವೊಂದು ದಿನದಿನವೂ ಸಂಪಾದಿಸಬೇಕಾದ ಫಲ. ಇದನ್ನು ಒಪ್ಪಿದರೆ ಅನೇಕ ತೀರ್ಮಾನಗಳ ಅರ್ಥವೇ ಬೇರೆಯಾಗುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಅದರ ಬೆನ್ನಿಗೇ ಪ್ರಯಾಣಿಕರ ಸಂಖ್ಯೆ ಇಳಿಯಿತು. ಆ ಏರಿಕೆಯನ್ನು ಜಮಾಖರ್ಚಿನ ವಿಷಯವಾಗಿ ಚರ್ಚಿಸಿದೆವು. ವಾಸ್ತವದಲ್ಲಿ ಅದು ಪರಿಸರದ ತೀರ್ಮಾನವೂ ಆಗಿತ್ತು. ಟಿಕೆಟ್ಟಿನ ಬೆಲೆಗೆ ಹೆದರಿ ಒಬ್ಬರು ಮತ್ತೆ ಸ್ಕೂಟರ್ ಹತ್ತಿದರೆ, ಅವರ ಪಾಲಿನ ಹೊಗೆ ಯಾವ ಲೆಕ್ಕಪತ್ರದಲ್ಲೂ ಖರ್ಚೆಂದು ನಮೂದಾಗುವುದಿಲ್ಲ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ತುಂಬಿದಷ್ಟೂ ಒಳ್ಳೆಯದಾದರೆ ಜನರನ್ನು ತುರುಕುವುದೇ ಪರಿಸರ ಪ್ರೇಮವೆ? 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಓಡಿದ ಮುಂಬೈಯನ್ನು ನೋಡಿ. ಗ್ರಾಮಿನ ಲೆಕ್ಕದಲ್ಲಿ ಅಲ್ಲಿಯ ಲೋಕಲ್ ರೈಲುಗಳನ್ನು ಮೀರಿಸುವ ವಾಹನ ಸಿಗುವುದು ಕಷ್ಟ. ಆದರೆ ಆ ಜಾಲದಲ್ಲಿ ಬಾಗಿಲಿನಿಂದ ಬಿದ್ದು, ಹಳಿ ದಾಟುವಾಗ ಸಿಕ್ಕಿ, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜೀವಗಳು ಹೋದದ್ದುಂಟು. ಮನುಷ್ಯರನ್ನು ಲೆಕ್ಕದಿಂದ ಹೊರಗಿಟ್ಟ ಹಸಿರನ್ನು ನಾನು ಹಸಿರೆಂದು ಒಪ್ಪಲಾರೆ. ಅಲ್ಲದೆ, ಇಕ್ಕಟ್ಟಿನ ರೈಲು ಬೇರೆ ದಾರಿಯಿಲ್ಲದವರನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಕಾರಿರುವವರನ್ನು ಕರೆತರುವುದಿಲ್ಲ. 2025ರ ಆಗಸ್ಟಿನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಹೊತ್ತು ಕಾಯಲು ಯಾರು ತಾನೆ ಕಾರನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ? ಘನತೆಯಿಂದ ನಿಲ್ಲುವಷ್ಟು ಜಾಗ ಮತ್ತು ಮೇಲಿಂದ ಮೇಲೆ ಬರುವ ರೈಲು, ಇವೂ ಪರಿಸರದ ಲೆಕ್ಕದೊಳಗಿನವೇ.

ಕಾರಿನವರು ಬಂದರೆಂದೇ ಇಟ್ಟುಕೊಳ್ಳಿ. ಅವರು ಖಾಲಿ ಮಾಡಿದ ರಸ್ತೆ ಖಾಲಿಯಾಗಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಬಿಟ್ಟ ಜಾಗಕ್ಕೆ ಇನ್ನೊಂದು ಕಾಯುತ್ತಿರುತ್ತದೆ. ಒಂದು ಕೈಯಲ್ಲಿ ಮೆಟ್ರೊ ಕಟ್ಟುತ್ತಾ ಇನ್ನೊಂದು ಕೈಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಯೋಜಿಸುವ ಸರ್ಕಾರ ತನ್ನ ರೈಲಿನ ಪುಣ್ಯವನ್ನು ತಾನೇ ಕಳೆಯುತ್ತಿದೆ.

ಕಟ್ಟುವಾಗಿನ ಸಾಲವೂ ಸಣ್ಣದಲ್ಲ. ಕಂಬಗಳಿಗೆ, ಸುರಂಗಗಳಿಗೆ ಸುರಿದ ಸಿಮೆಂಟು ಮತ್ತು ಉಕ್ಕು ರೈಲು ಹೊರಡುವ ಮುನ್ನವೇ ಇಂಗಾಲವನ್ನು ಗಾಳಿಗೆ ಸೇರಿಸಿರುತ್ತವೆ. 2009ರಲ್ಲಿ ಜಯನಗರದ ನಂದಾ ರಸ್ತೆಯಲ್ಲಿ ಮೆಟ್ರೊಗಾಗಿ ಕಡಿಯಹೊರಟ ಮರಗಳನ್ನು ಉಳಿಸಲು ಜನ ಬೀದಿಗಿಳಿದಾಗ ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕಾಣುವವರಿದ್ದರು. ಅವರು ಕೇಳುತ್ತಿದ್ದದ್ದು ನ್ಯಾಯವಾದ ಲೆಕ್ಕವನ್ನು. ಈ ಸಾಲ ತೀರುವುದು ದಶಕಗಳ ಕಾಲ ರೈಲುಗಳು ಜನರಿಂದ ತುಂಬಿ ಓಡಿದಾಗ ಮಾತ್ರ. ಹಾಗಾಗಿಯೇ, ಬಹುಪಾಲು ಈಗಾಗಲೇ ಇರುವ ರೈಲು ಹಾದಿಯನ್ನೇ ಹಿಡಿದು ಸಾಗುವುದರಿಂದ ಈ ಸಾಲ ಹಗುರಾಗಬಹುದಾದ 148 ಕಿಲೋಮೀಟರಿನ ಉಪನಗರ ರೈಲು ಯೋಜನೆ, 2022ರಲ್ಲಿ ಶಂಕುಸ್ಥಾಪನೆಯಾದ ಮೇಲೂ ಕುಂಟುತ್ತಿರುವುದು ನೋವಿನ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ರೈಲಿನ ಪಕ್ಷವೇ. ದೊಡ್ಡ ನಗರವೊಂದರ ಜನ ಒಟ್ಟಿಗೆ ಸಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಅದಕ್ಕಾಗಿಯೇ ಅದರ ಹೆಸರಿನಲ್ಲಿ ಪೊಳ್ಳು ಹೊಗಳಿಕೆ ಬೇಡ. ದೆಹಲಿ ಮೆಟ್ರೊ ಮಧ್ಯಪ್ರದೇಶದ ರೇವಾದಿಂದ ಸೌರ ವಿದ್ಯುತ್ ಕೊಳ್ಳುತ್ತಿದೆ, ಪಾವಗಡ ಇರುವ ರಾಜ್ಯ ಅದಕ್ಕಿಂತ ಮುಂದೆ ಹೋಗಿ ಸಂಜೆಗೂ ಒದಗುವಂತೆ ಸೂರ್ಯನ ಶಕ್ತಿಯನ್ನು ಕೂಡಿಡಬೇಕು. ಟಿಕೆಟ್ ದರ ಕೂಲಿಯವರಿಗೆ ಎಟುಕಬೇಕು. ನಿಲ್ದಾಣಕ್ಕೆ ನಡೆದುಹೋಗಲು ಫುಟ್‌ಪಾತ್ ಬೇಕು, ದೂರದವರಿಗೆ ಫೀಡರ್ ಬಸ್ ಬೇಕು. ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು ಅದರ ಬೆಲೆ ಕೊಡಬೇಕು. ಶಕ್ತಿನಗರದ ಬೂದಿಗೆ ಬೆಂಗಳೂರೂ ಹೊಣೆ ಹೊರಬೇಕು. ಇವನ್ನೆಲ್ಲ ಮಾಡಿದ ನಗರಕ್ಕೆ ಮಾತ್ರ ತನ್ನ ರೈಲನ್ನು ಹಸಿರೆಂದು ಕರೆಯುವ ಹಕ್ಕಿದೆ.