ಬರೀ ದೇಹವಾ?

ಅಮ್ಮ ತೀರಿಕೊಂಡ ದಿನ ಲೆಸ್ಟರ್‌ನ ಆಸ್ಪತ್ರೆಯಲ್ಲಿ ನನ್ನ ಮಗಳು ಅಜ್ಜಿಯ ತಲೆ ಬಾಚ್ತಾ ಇದ್ದಳು. ಜೊತೆಗೆ ಬಂದಿದ್ದ ನಮ್ಮ ಚರ್ಚಿನ ಅಂಕಲ್ ಒಬ್ಬರು ಸಮಾಧಾನ ಹೇಳೋಕೆ, "ಸಾಕು ಬಿಡು ಪುಟ್ಟಾ, ಅದು ಬರೀ ದೇಹ. ಅಜ್ಜಿಯ ಆತ್ಮ ಆಗಲೇ ದೇವರ ಹತ್ರ ಹೋಯ್ತು" ಅಂದರು. ಅವಳ ಕೈ ನಿಂತಿತು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದಳು: "ಅಮ್ಮಾ, ಹಾಗಾದ್ರೆ ನಾನು ಯಾರ ತಲೆ ಬಾಚ್ತಿದ್ದೆ?"

ಅಂಕಲ್ ಹೇಳಿದ್ದೇ ನಮ್ಮ ನಂಬಿಕೆ ಅಂತ ನಾನೂ ಅಂದುಕೊಂಡಿದ್ದೆ. ಬೈಬಲ್ ತೆರೆದು ನೋಡಿದರೆ ವಿಷಯ ಅಷ್ಟು ಸುಲಭ ಇಲ್ಲ.

ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಮೂಗಿನಲ್ಲಿ ಉಸಿರು ಊದುತ್ತಾರೆ. ಆಗ ಅವನು ಜೀವಂತ 'ನೆಫೆಷ್' ಆಗುತ್ತಾನೆ. ಹಳೆಯ ಇಂಗ್ಲಿಷ್ ಬೈಬಲ್‌ಗಳು 'ಸೋಲ್' ಅಂದದ್ದು ಈ ಹೀಬ್ರೂ ಪದವನ್ನೇ. ಆದರೆ ನೆಫೆಷ್‌ಗೆ ಗಂಟಲು ಅನ್ನೋ ಅರ್ಥವೂ ಇದೆ: ಹಸಿಯುವ, ಬಾಯಾರುವ, ಉಸಿರಾಡುವ ಜೀವ. ಮನುಷ್ಯನಿಗೆ ನೆಫೆಷ್ ಸಿಕ್ಕಿತು ಅಂತ ಅಲ್ಲಿಲ್ಲ. ಅವನೇ ನೆಫೆಷ್ ಆದ.

ಕ್ರಿ.ಶ. 50ರ ಸುಮಾರಿಗೆ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಮೂರು ಪದ ಒಟ್ಟಿಗೆ ಬರುತ್ತವೆ. ಕನ್ನಡ ಬೈಬಲ್‌ನಲ್ಲಿ ಅವು ಆತ್ಮ, ಪ್ರಾಣ, ಶರೀರ. ಇದನ್ನು ಓದಿ ಕೆಲವರು ಮನುಷ್ಯನಲ್ಲಿ ಮೂರು ಭಾಗ ಅಂತಾರೆ. ಆತ್ಮ, ಪ್ರಾಣ ಒಂದೇ, ಆದ್ದರಿಂದ ಎರಡೇ ಅನ್ನೋರೂ ಇದ್ದಾರೆ. ಆದರೆ ಪೌಲ ಅಲ್ಲಿ ಬೇಡಿಕೊಳ್ಳೋದು ಇಡೀ ಮನುಷ್ಯನನ್ನು ದೇವರು ಕಾಯಲಿ ಅಂತ. ನಾವು 'ತನು ಮನ ಧನ' ಅಂದಾಗ ಭಾಗ ಎಣಿಸ್ತೀವಾ? ಪೂರ್ತಿಯಾಗಿ ಅಂತ ತಾನೇ ಅರ್ಥ!

ಕನ್ನಡದವರಿಗೆ ಇನ್ನೊಂದು ತೊಡಕಿದೆ. 'ಆತ್ಮ' ಅಂದ ಕೂಡಲೇ ಹಳೇ ಬಟ್ಟೆ ಕಳಚಿ ಹೊಸದು ತೊಡುವ ಗೀತೆಯ ಹೋಲಿಕೆ ನೆನಪಾಗುತ್ತೆ. ಅದು ಬೇರೆಯೇ ಆದ, ಆಳವಾದ ದರ್ಶನ. ಕ್ರೈಸ್ತರ ವಿಶ್ವಾಸಪ್ರಮಾಣ ಹೇಳೋದು ಶರೀರದ ಪುನರುತ್ಥಾನ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ವಾದ ಇದು: ನನ್ನ ಆತ್ಮವೇ ನಾನಲ್ಲ, ಅದೊಂದೇ ಉಳಿದರೆ ನಾನು ಉಳಿದ ಹಾಗಲ್ಲ.

ಹಾಗಾದ್ರೆ ಅಲ್ಲಿಯವರೆಗೆ ಅಮ್ಮ ಎಲ್ಲಿ? ಕ್ರಿಸ್ತನ ಸನ್ನಿಧಿಯಲ್ಲಿ ಎಚ್ಚರವಾಗಿ ಅಂತ ಹಲವರು. ನಿದ್ದೆಯ ಹಾಗೆ ಅಂತ ಮಾರ್ಟಿನ್ ಲೂಥರ್ ಅನೇಕ ಕಡೆ. ಈ ಚರ್ಚೆ ಮುಗಿದಿಲ್ಲ. ಹಾಗಾಗಿ ಅಂಕಲ್ ಹೇಳಿದ 'ದೇವರ ಹತ್ರ' ಅನ್ನೋದಕ್ಕೆ ನನ್ನ ತಕರಾರಿಲ್ಲ. ತಕರಾರು 'ಬರೀ' ಅನ್ನೋ ಪದಕ್ಕೆ.

ಆ ಪದ ಬಿಟ್ಟರೆ ದುಃಖ ಹೆಚ್ಚಾಗುತ್ತೆ, ನಿಜ. ಹೋದದ್ದು ಬಟ್ಟೆ ಅಲ್ಲ, ಅಮ್ಮ ಅಂತ ಒಪ್ಪಬೇಕಾಗುತ್ತೆ. ಆದರೆ ಯೋಹಾನನ ಸುವಾರ್ತೆಯಲ್ಲಿ, ಲಾಜರನನ್ನು ಎಬ್ಬಿಸಲು ಹೊರಟ ಯೇಸುವೇ ಮೊದಲು ಅತ್ತರು. ಪುನರುತ್ಥಾನ ನಂಬೋರು ಅಳಬಾರದು ಅಂತ ಏನಿಲ್ಲ.

ಮಗಳಿಗೆ ಹೇಳಿದೆ: "ನೀನು ಬಾಚಿದ್ದು ಅಜ್ಜಿಯ ತಲೆಯನ್ನೇ ಪುಟ್ಟಾ."

ಮಣ್ಣು ಮಾಡುವ ದಿನ ಬೆಳಿಗ್ಗೆ ಅವಳು ಬಾಚಣಿಗೆ ಜೊತೆಗೇ ತಂದಿದ್ದಳು. ಅರ್ಧಕ್ಕೆ ನಿಲ್ಲಿಸಿದ್ದನ್ನು ಮುಗಿಸಿ, ಜಡೆ ಹಾಕಿದಳು.