ಕಿರಿದರಲ್ಲಿ ಹಿರಿದು ಹಿಡಿಸೀತೇ?

ಅನಂತನಾದ ದೇವರು ಅಂಗೈಯಗಲದ ಮೂರ್ತಿಯಲ್ಲಿ ಹಿಡಿಸುವನೇ ಎಂಬ ಆಕ್ಷೇಪ ಹಳೆಯದು. ಶೀಶೆಯೊಳಗಿನ ಹಡಗು ಇದಕ್ಕೊಂದು ದಾರಿ ತೋರುತ್ತದೆ. ಕುಶಲಕರ್ಮಿಗಳು ಪಟದ ಕಂಬಗಳನ್ನು ಮಡಚಿ ಹಡಗನ್ನು ಶೀಶೆಯ ಕೊರಳಲ್ಲಿ ತೂರಿಸುತ್ತಾರೆ. ಒಳಗೆ ಹೋದಮೇಲೆ ದಾರ ಎಳೆದು ಅವನ್ನು ನಿಲ್ಲಿಸುತ್ತಾರೆ. ಕಿರಿದಾದ ಬಾಯಿ ಹಡಗಿನ ಆಕಾರವನ್ನು ಕೆಡಿಸುವುದಿಲ್ಲ, ಒಳಹೋಗುವ ಕ್ರಮವನ್ನಷ್ಟೇ ನಿರ್ಧರಿಸುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯನ್ನು ಕೊಟ್ಟ ಕಲ್ಯಾಣ ಚಾಲುಕ್ಯ ಪರಂಪರೆಯಲ್ಲಿಯೂ ಗೋಡೆಗಳ ಮೇಲೆ ಪುಟ್ಟ ಶಿಖರಗಳನ್ನು ಕಡೆಯುವ ರೂಢಿಯಿತ್ತು: ಗುಡಿಯ ಮೈಮೇಲೆಯೇ ಗುಡಿಗಳು. ಅಲ್ಲಿ ಅಳತೆ ಕುಗ್ಗಿದೆ, ಅಂಗಾಂಗಗಳ ಸಂಬಂಧ ಕುಗ್ಗಿಲ್ಲ.

ಶೀಶೆಯ ಹಡಗು ತೇಲದು, ಗೋಡೆಯ ಗುಡಿಯಲ್ಲಿ ಪೂಜೆ ನಡೆಯದು. ಆದ್ದರಿಂದ ಇವು ಬರೀ ಆಟಿಕೆ ಎನ್ನಬಹುದು. ನಿಜ, ಪ್ರತಿರೂಪವು ಮೂಲದ ಕೆಲಸ ಮಾಡುವುದಿಲ್ಲ. ಒಂದೇ ನೋಟಕ್ಕೆ ಸಿಗದ ಇಡಿಯನ್ನು ನೋಟಕ್ಕೆ ಒದಗಿಸುವುದು ಅದರ ಕೆಲಸ. ಅಪಾಯವಿರುವುದು ಕಿರಿದನ್ನೇ ಕೊನೆಯೆಂದು ನಂಬುವುದರಲ್ಲಿ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಯಾವುದು ಯಾವುದರೊಳಗೆ ಎಂದು ಕೀರ್ತನೆಯಲ್ಲಿ ಮತ್ತೆ ಮತ್ತೆ ಕೇಳಿ, ಕಡೆಗೆ ಸಕಲವನ್ನೂ ಆದಿಕೇಶವನಲ್ಲೇ ಕಂಡರು. ಆ ಪ್ರಶ್ನೆಯನ್ನು ಬಿಡದೆ ಕೇಳುವವನಿಗೆ ಮೂರ್ತಿಯಿಂದ ಕೇಡಿಲ್ಲ. ಮೂರ್ತಿಯ ಮಿತಿ ನೋಡುವವನ ಮಿತಿಯೇ ಹೊರತು ದೇವರದಲ್ಲ.