ಮಾರಿದ ವಸ್ತುವಿಗೆ ಮಾರಿದವನ ಬೀಗ

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯವೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಆದರೆ ಬೆಲೆಯನ್ನು ಪೂರ್ತಿ ಪಡೆದು ವಸ್ತುವನ್ನು ಪೂರ್ತಿ ಕೊಡದಿದ್ದರೆ ಅದಕ್ಕೆ ಏನೆಂದು ಹೆಸರು? ಕಂಪ್ಯೂಟರ್ ಆಟಗಳ ವಿಷಯದಲ್ಲಿ ಎದ್ದ ವಿವಾದವೊಂದು ವರ್ತಕನಾದ ನನ್ನನ್ನು ಈ ಪ್ರಶ್ನೆಗೆ ಹಚ್ಚಿತು.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 'ಸ್ಪೋರ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ನಕಲು ತಡೆಯಲೆಂದು ಅದರೊಳಗೆ ಸೆಕ್ಯುರಾಮ್ ಎಂಬ ತಂತ್ರಾಂಶವನ್ನು ಇರಿಸಲಾಗಿತ್ತು. ಕೊಂಡವನು ಆಟವನ್ನು ಮೂರು ಕಂಪ್ಯೂಟರುಗಳಿಗೆ ಮಾತ್ರ ಹಾಕಿಕೊಳ್ಳಬಹುದು. ನಾಲ್ಕನೆಯದಕ್ಕೆ ಸಂಸ್ಥೆಯ ಅನುಮತಿ ಬೇಡಬೇಕು. ಅಮೆಜಾನ್ ಮಳಿಗೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ಮಂದಿ ಅದಕ್ಕೆ ಒಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದರು. ಕೊಂಡವರಿಗೆ ತಿಳಿಸದೆಯೇ ಈ ತಂತ್ರಾಂಶವನ್ನು ಸೇರಿಸಲಾಗಿದೆಯೆಂದು ಮೊಕದ್ದಮೆಯೂ ಹೂಡಲ್ಪಟ್ಟಿತು. ಸಂಸ್ಥೆಯು ಮಿತಿಯನ್ನು ಐದಕ್ಕೆ ಏರಿಸಿತು. ಇತ್ತ ಬೀಗ ಮುರಿದ ಪ್ರತಿಗಳು ಅಂತರಜಾಲದಲ್ಲಿ ಹೇರಳವಾಗಿ ಹರಿದಾಡಿದವು. ಹಣ ಕೊಟ್ಟವನಿಗೆ ಬೀಗ, ಕೊಡದವನಿಗೆ ತೆರೆದ ಬಾಗಿಲು!

2010ರ ಮಾರ್ಚಿನಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯ ಸರ್ವರುಗಳ ಮೇಲೆ ದಾಳಿ ನಡೆದಾಗ, ಸದಾ ಸಂಪರ್ಕವನ್ನು ಬೇಡುತ್ತಿದ್ದ ಅದರ ಆಟಗಳನ್ನು ಕೊಂಡವರೇ ಆಡಲಾಗದೆ ಕುಳಿತರು.

ಅಂಗಡಿಗೆ ಬೀಗ ಹಾಕುವುದು ವರ್ತಕನ ಹಕ್ಕು. ಆದರೆ ಮಾರಿದ ಪೆಟ್ಟಿಗೆಯ ಕೀಲಿಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡು, ಮಾರುವಾಗ ಅದನ್ನು ಹೇಳದಿರುವುದು ಬೇರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕೊಳ್ಳುವಾಗ ಹೆಚ್ಚಿನ, ಕೊಡುವಾಗ ಕಡಿಮೆಯ ಅಳತೆಯೂ ಒಂದಾಗಿದೆ. ಮುಚ್ಚಿಟ್ಟ ಷರತ್ತು ಆ ಅಳತೆಯ ಜಾತಿಗೇ ಸೇರಿದ್ದೆಂದು ನನ್ನ ಮತ.

ಹಾಗೆಂದು ಬಿಡಿಗಾಸನ್ನೂ ಕೊಡದೆ ಆಡಿ, ಅದನ್ನು ಪ್ರತಿಭಟನೆಯೆಂದು ಕರೆದುಕೊಳ್ಳುವವನ ವಾದಕ್ಕೆ ನಾನು ಒಪ್ಪಲಾರೆ. ಷರತ್ತು ಸರಿಬೀಳದಿದ್ದರೆ ಕೊಳ್ಳದಿರುವ ದಾರಿ ಇದ್ದೇ ಇದೆ, ಆಟ ಅನ್ನವಲ್ಲ.

ನಿಜವಾದ ತೊಡಕು ಮೂರನೆಯವನದು. ಆತ ಬೆಲೆ ತೆತ್ತು ಕೊಂಡಿದ್ದಾನೆ. ಬೀಗದ ಕಾಟ ತಾಳದೆ ಮುರಿದ ಪ್ರತಿಯನ್ನೇ ತಂದು ಆಡುತ್ತಾನೆ. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಎಂಬ ಹಳೆಯ ಬೀಗಕ್ಕೆ ಅದರಲ್ಲಿ ಆಸ್ಪದವಿರಲಿಲ್ಲ. ಆ ಬೀಗದ ತಟ್ಟೆಗಳನ್ನು ಕಾಸು ಕೊಟ್ಟು ಕೊಂಡಿದ್ದವರಲ್ಲಿ ಅನೇಕರು ಈ ಸ್ಥಿತಿಗೆ ಬಂದರು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಕೂಡ ಬೀಗ ಮುರಿದವನ ಉದ್ದೇಶವನ್ನು ಕೇಳುತ್ತದೆ. ನಾನು ಆತನನ್ನು ಕಳ್ಳನೆನ್ನಲಾರೆ. ಆದರೆ ಆ ಪ್ರತಿಯನ್ನು ಹಂಚಿದವನು ಯಾರು? ಚೋರನು ತಂದುದನ್ನು ಕೊಳ್ಳುವುದೂ ಅತಿಚಾರವೆಂದೇ ಹೇಳಿದೆಯಲ್ಲ! ಇಲ್ಲಿ ನನ್ನ ತಕ್ಕಡಿ ಇನ್ನೂ ತೂಗಾಡುತ್ತಿದೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆ 2011ರಲ್ಲಿ 'ವಿಚರ್ 2' ಆಟವನ್ನು ತನ್ನದೇ ಜಾಲಮಳಿಗೆಯಲ್ಲಿ ಬೀಗವಿಲ್ಲದೆ ಮಾರಿತು. ತಟ್ಟೆಗಳಲ್ಲಿದ್ದ ಬೀಗವನ್ನೂ ಕೆಲವೇ ದಿನಗಳಲ್ಲಿ ತೆಗೆದುಹಾಕಿತು. ಆದರೂ ನಕಲು ನಿಲ್ಲಲಿಲ್ಲ. ಅದೇ ಸಂಸ್ಥೆ ಜರ್ಮನಿಯಲ್ಲಿ ಸಂಶಯಕ್ಕೆ ಒಳಗಾದವರಿಗೆ ವಕೀಲರ ಮೂಲಕ ಹಣ ಕೇಳಿ ಪತ್ರ ಬರೆಸತೊಡಗಿತು. ನಿರಪರಾಧಿಗಳಿಗೂ ಪತ್ರ ಹೋದೀತೆಂದು ಆಟಗಾರರು ಆಕ್ಷೇಪಿಸಿದಾಗ, 2012ರ ಜನವರಿಯಲ್ಲಿ ಅದನ್ನು ನಿಲ್ಲಿಸಿತು.